ನೀಲಿ ಕೂಸುಗಳ ಬಂಧು ವಿವಿಯನ್ ಥಾಮಸರು

ಹುಟ್ಟಿದ ಕೂಸಿನ ತುಟಿಯೂ ಉಗುರೂ ನೀಲಿಗಟ್ಟಿದ್ದರೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಮನೆಗಳಲ್ಲಿ ಮೊದಲು ಏಳುವ ಮಾತು ದೃಷ್ಟಿಯದು. ಅದರ ಬೆನ್ನಿಗೆ ಬರುವದು ಗ್ರಹಣದ ಮಾತು. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದಳೆಂದೋ, ಈಳಿಗೆ ಹಿಡಿದು ಕಾಯಿಪಲ್ಲೆ ಹೆಚ್ಚಿದಳೆಂದೋ ಹಡೆದ ತಾಯಿಯ ತಲೆಯ ಮೇಲೆಯೇ ತಪ್ಪನ್ನು ಹೊರಿಸಲಾಗುವದು. ಕೊರಳಿಗೆ ತಾಯತ ಬರುತ್ತದೆ, ಹಣೆಗೆ ಬೂದಿ ಬರುತ್ತದೆ, ದೇವರಿಗೆ ಹರಕೆ ಹೋಗುತ್ತದೆ. ವೈದ್ಯನು ಮಾತ್ರ ಎಲ್ಲರಿಗಿಂತ ಕಡೆಗೆ ಬರುತ್ತಾನೆ. ಎಷ್ಟೋ ಸಲ ಅವನು ಬರುವ ಹೊತ್ತಿಗೆ ತೊಟ್ಟಿಲು ಬರಿದಾಗಿರುತ್ತದೆ. ಇಂಥ ಕೂಸುಗಳು ಬದುಕಬಲ್ಲವೆಂದು ಜಗತ್ತಿಗೆ ತೋರಿಸಿಕೊಟ್ಟವರು ಮೂವರು. ಅವರಲ್ಲಿ ಇಬ್ಬರು ವೈದ್ಯರು. ಮೂರನೆಯವರು ವೈದ್ಯರಲ್ಲ, ಬಡಗಿಯ ಮಗ, ಕಾಲೇಜಿನ ಶಿಕ್ಷಣ ದೊರೆಯದವರು, ಚರ್ಮದ ಬಣ್ಣ ಕಪ್ಪೆಂಬ ಒಂದೇ ಕಾರಣಕ್ಕಾಗಿ ವಿದ್ಯಾಲಯದ ಪಗಾರಪಟ್ಟಿಯಲ್ಲಿ ಕಸಗುಡಿಸುವವರ ಸಾಲಿನಲ್ಲಿ ಬರೆಯಲ್ಪಟ್ಟವರು. ಆ ಮೂರನೆಯವರಾದ ವಿವಿಯನ್ ಥಾಮಸರ ಜೀವನವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನಾವು ಬಹುದಿನಗಳಿಂದ ಎಣಿಸುತ್ತಿದ್ದೆವು.

ಅಮೇರಿಕದ ಮನುಷ್ಯನೊಬ್ಬನ ಚರಿತ್ರೆ ವಿಜಯಪುರ ಜಿಲ್ಹೆಯ ವಾಚಕರಿಗೇಕೆಂದು ಯಾರಾದರೂ ಕೇಳಬಹುದು. ನಮ್ಮ ಉತ್ತರ ಸರಳವಾಗಿದೆ. ಹುಟ್ಟಿನಿಂದ ಮನುಷ್ಯನು ಹಿರಿಯನೂ ಅಲ್ಲ ಕಿರಿಯನೂ ಅಲ್ಲ, ಮಾಡುವ ಕಾಯಕದಿಂದಲೇ ಅವನ ಯೋಗ್ಯತೆಯೆಂದು ಎಂಟುನೂರು ವರುಷಗಳ ಹಿಂದೆ ಸಾರಿದ ಮಹಾಪುರುಷನು ಹುಟ್ಟಿದ ನೆಲ ನಮ್ಮ ಬಾಗೇವಾಡಿ. ಆ ತತ್ತ್ವವನ್ನು ಅದರ ಹೆಸರು ಸಹ ಕೇಳದ ಒಬ್ಬ ಮನುಷ್ಯನು ದೂರದ ದೇಶದಲ್ಲಿ ಬಾಳಿ ತೋರಿಸಿದ್ದರೆ, ಅವನ ಕಥೆಯನ್ನು ಕೇಳುವ ಮೊದಲ ಹಕ್ಕು ನಮ್ಮದೇ. ಕೇಳಿ ತಲೆದೂಗಿ ಸುಮ್ಮನಾಗುವದಕ್ಕಲ್ಲ, ನಮ್ಮ ಕೂಸುಗಳಿಗಾಗಿ ನಾವು ಏನು ಮಾಡಿದ್ದೇವೆಂದು ಕೇಳಿಕೊಳ್ಳುವದಕ್ಕೆ.

ಥಾಮಸರು ಹುಟ್ಟಿದ್ದು 1910ನೇ ಇಸವಿಯ ಆಗಸ್ಟ 29ರಂದು, ಅಮೇರಿಕದ ದಕ್ಷಿಣ ಭಾಗದ ಲೂಯಿಸಿಯಾನಾ ಸಂಸ್ಥಾನದಲ್ಲಿ. ಗುಲಾಮಗಿರಿ ಕಾಯದೆಯಿಂದ ರದ್ದಾಗಿ ಸುಮಾರು ಅರ್ಧ ಶತಮಾನ ಸಂದಿತ್ತಾದರೂ ಕರಿಯರಿಗೆ ಬೇರೆ ಶಾಲೆ, ಬೇರೆ ದವಾಖಾನೆ, ಬೇರೆ ನೀರಿನ ನಲ್ಲಿ ಎಂಬ ಕಟ್ಟಳೆ ಆ ಸೀಮೆಯಲ್ಲಿ ಬಿಗಿಯಾಗಿಯೇ ಇತ್ತು. ಈ ಬಾರಿ ಹೆಣ್ಣಾಗುವದೆಂದು ತಾಯಿ ಮೊದಲೇ ಹೆಣ್ಣು ಹೆಸರನ್ನು ಆರಿಸಿ ಇಟ್ಟಿದ್ದಳಂತೆ; ಗಂಡಾಗಲು ಅದೇ ಹೆಸರಿನ ಒಂದಕ್ಷರವನ್ನು ಬದಲಿಸಿ ವಿವಿಯನ್ ಎಂದು ಕರೆದರು. ತಂದೆ ಬಡಗಿ. ಸಂಸಾರವು ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ ಪಟ್ಟಣಕ್ಕೆ ಬಂದು ನೆಲೆಸಿತು. ಹುಡುಗನು ಶಾಲೆ ಬಿಟ್ಟ ಮೇಲೆ ತಂದೆಯ ಕೈಕೆಳಗೆ ಉಳಿ, ಕೊಡತಿ, ಗರಗಸ ಹಿಡಿದು ಕೆಲಸ ಕಲಿತನು. ಹಲಗೆಗೆ ಹಲಗೆ ಕೂಡುವ ಕಡೆಯಲ್ಲಿ ಕೂದಲೆಳೆಯ ಸಂದೂ ಉಳಿಯಬಾರದೆಂಬ ಶಿಸ್ತು ಆ ಬೆರಳುಗಳಿಗೆ ಅಲ್ಲಿಯೇ ಹತ್ತಿತು. ಮುಂದೆ ಅವೇ ಬೆರಳುಗಳು ಕಡ್ಡಿಗಿಂತ ಸಣ್ಣ ರಕ್ತನಾಳಗಳನ್ನು ಕೂಡಿಸಲಿದ್ದವು.

ವೈದ್ಯನಾಗಬೇಕೆಂಬದು ಹುಡುಗನ ಬಯಕೆ. ಅದಕ್ಕಾಗಿ ಬಡಗಿತನದಿಂದ ಗಳಿಸಿದ ಹಣವನ್ನು ಡಾಲರ ಡಾಲರಾಗಿ ಬ್ಯಾಂಕಿನಲ್ಲಿ ಕೂಡಿಹಾಕುತ್ತ ಬಂದನು. 1929ರಲ್ಲಿ ಹೈಸ್ಕೂಲ ಶಿಕ್ಷಣ ಮುಗಿಯಿತು. ಅದೇ ವರುಷದ ಕೊನೆಗೆ ಅಮೇರಿಕದ ಶೇರುಪೇಟೆ ಕುಸಿದು ಜಗತ್ತಿನ ವ್ಯಾಪಾರವೆಲ್ಲ ಮುಗ್ಗರಿಸಿತು. ಕಟ್ಟಡದ ಕೆಲಸಗಳು ನಿಂತವು. ಬಡಗಿಗೆ ಕೂಲಿ ಇಲ್ಲದಾಯಿತು. 1930ರ ಫೆಬ್ರವರಿಯಲ್ಲಿ ಗೆಳೆಯನೊಬ್ಬನ ಸೂಚನೆಯಂತೆ ಥಾಮಸರು ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ವಾರಕ್ಕೆ 12 ಡಾಲರಿನಂತೆ ಚಾಕರಿಗೆ ನಿಂತರು. ಕೆಲವು ತಿಂಗಳು ಇಲ್ಲಿ ಕಳೆದು ಕಾಲೇಜಿಗೆ ಹೋದರಾಯಿತೆಂಬದು ಅವರ ಎಣಿಕೆ. ಆದರೆ ಅದೇ ವರುಷ ಬ್ಯಾಂಕು ದಿವಾಳಿಯೆದ್ದಿತು. ಕೂಡಿಹಾಕಿದ ಹಣವೆಲ್ಲ ಮುಳುಗಿತು. ಹಣದೊಡನೆ ಕಾಲೇಜೂ ಮುಳುಗಿತು. ಊರಿನ ಪಾಠಶಾಲೆಯಲ್ಲಿ ಓದಿ ಮೆಟ್ರಿಕ್ಯುಲೇಶನ್ನಿಗೆ ವಿದ್ಯೆಯನ್ನು ನಿಲ್ಲಿಸಬೇಕಾಗಿ ಬಂದ ನಮಗೆ ಆ ತರುಣನ ಅಂದಿನ ಮನಸ್ಸು ಎಂಥದಿದ್ದೀತೆಂಬದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಪ್ರಯೋಗಶಾಲೆಯ ಮುಖ್ಯರು ಆಲ್ಫ್ರೆಡ್ ಬ್ಲೇಲಾಕರು. ಬಿಳಿಯರು, ಜಾರ್ಜಿಯಾ ಸಂಸ್ಥಾನದವರು, ಆಗ ಮೂವತ್ತರ ತರುಣ ಶಸ್ತ್ರವೈದ್ಯರು. ಅವರು ಹೊಸ ಹುಡುಗನಿಗೆ ಪಂಜರ ತೊಳೆಯುವ ಕೆಲಸವನ್ನಷ್ಟೇ ಕೊಟ್ಟು ಸುಮ್ಮನಿರಲಿಲ್ಲ. ನಾಯಿಗೆ ಅರಿವಳಿಕೆ ಕೊಡುವದು, ರಕ್ತದೊತ್ತಡ ಅಳೆಯುವದು, ನಾಳ ಹೊಲಿಯುವದು, ಲೆಕ್ಕ ಬರೆಯುವದು, ಹೀಗೆ ಒಂದೊಂದಾಗಿ ತೋರಿಸಿದರು. ಒಮ್ಮೆ ತೋರಿಸಿದ್ದನ್ನು ಥಾಮಸರು ಎರಡನೆಯ ಸಲ ಕೇಳಲಿಲ್ಲ. ಹಗಲು ಕೆಲಸ, ರಾತ್ರಿ ರಸಾಯನಶಾಸ್ತ್ರ ಮತ್ತು ಶರೀರಶಾಸ್ತ್ರಗಳ ಗ್ರಂಥಗಳು. ಮೊದಮೊದಲಲ್ಲಿ ಒಂದು ದಿನ ಪ್ರಯೋಗದಲ್ಲಿ ಏನೋ ತಪ್ಪಿದಾಗ ಬ್ಲೇಲಾಕರು ಸಿಟ್ಟಿನಿಂದ ಹೊಲಸು ಮಾತಾಡಿದರು. ಥಾಮಸರು ಬಟ್ಟೆ ಬದಲಿಸಿಕೊಂಡು ಬಂದು, ಇಂಥ ಮಾತು ಕೇಳಿ ಬೆಳೆದವನಲ್ಲ ತಾನು, ಹೀಗೆ ನಡೆಯುವದಾದರೆ ಈಗಲೇ ಲೆಕ್ಕ ಚುಕ್ತಾ ಮಾಡಿಬಿಡಬಹುದೆಂದು ತಿಳಿಸಿದರು. ಬಿಳಿಯ ಧಣಿ ಕರಿಯ ಚಾಕರನ ಕ್ಷಮೆ ಕೇಳಿದನು. ಮುಂದೆ ಆ ನಾಲಿಗೆ ಅವರೆದುರು ಹಾಗೆ ಹೊರಳಲಿಲ್ಲ. ಕೈಯಲ್ಲಿ ಕಾಸಿಲ್ಲ, ಹೊರಗೆ ಕೆಲಸವಿಲ್ಲ, ದೇಶದಲ್ಲೆಲ್ಲ ಹಸಿವು. ಅಂಥ ಹೊತ್ತಿನಲ್ಲಿ ತೋರಿದ ಸ್ವಾಭಿಮಾನವಿದು. ನಾಡಿನ ಬಿಡುಗಡೆಗಾಗಿ ಹೋರಾಡಿದ ಜನ ನಾವು. ಇದರ ಬೆಲೆಯನ್ನು ಬಲ್ಲೆವು.

ಆದರೆ ಗೌರವ ಬೇರೆ, ಪಗಾರ ಬೇರೆ. ಕೆಲವು ವರುಷಗಳಲ್ಲಿ ಥಾಮಸರು ವಿದ್ವಾಂಸನೊಬ್ಬನು ಮಾಡುವ ಸಂಶೋಧನೆಯನ್ನು ಮಾಡುತ್ತಿದ್ದರೂ ವಿದ್ಯಾಲಯದ ದಫ್ತರಿನಲ್ಲಿ ಅವರ ಹೆಸರು ಕಸಗುಡಿಸುವವರ ವರ್ಗದಲ್ಲಿಯೇ ಇತ್ತು. ಇದು ತಿಳಿದಾಗ ಅವರು ಕೇಳಿದರು, ಪಗಾರ ಏರಿತು. ಈ ಅವಧಿಯಲ್ಲಿ ಇಬ್ಬರೂ ಕೂಡಿ ಮಾಡಿದ ಸಂಶೋಧನೆ ಸಾಮಾನ್ಯವಾದುದಲ್ಲ. ಭಾರಿ ಗಾಯವಾದ ಮನುಷ್ಯನು ನಾಡಿ ಕುಸಿದು ಸಾಯುವದೇಕೆಂಬದು ಅಂದಿನ ವೈದ್ಯರಿಗೆ ಒಗಟಾಗಿತ್ತು. ಗಾಯದಿಂದ ಹುಟ್ಟುವ ಯಾವುದೋ ವಿಷವೇ ಕಾರಣವೆಂದು ಹಲವರು ನಂಬಿದ್ದರು. ವಿಷವಲ್ಲ, ರಕ್ತ ಮತ್ತು ರಕ್ತದ್ರವ ನಾಳಗಳಿಂದ ಹೊರಗೆ ಹೋಗುವದೇ ಕಾರಣ, ಅದನ್ನು ತಿರುಗಿ ತುಂಬಿದರೆ ಮನುಷ್ಯನು ಉಳಿಯುವನೆಂದು ಈ ಪ್ರಯೋಗಶಾಲೆ ತೋರಿಸಿತು. ಎರಡನೆಯ ಮಹಾಯುದ್ಧದಲ್ಲಿ ಈ ಅರಿವು ಅಸಂಖ್ಯ ಸೈನಿಕರ ಪ್ರಾಣ ಉಳಿಸಿತು. ಕೀರ್ತಿ ಬ್ಲೇಲಾಕರಿಗೆ ಬಂದಿತು. ಡೆಟ್ರಾಯ್ಟಿನ ದೊಡ್ಡ ದವಾಖಾನೆಯೊಂದು ಅವರನ್ನು ಕರೆಯಿತು. ಕರಿಯರನ್ನು ಕೆಲಸಕ್ಕೆ ಸೇರಿಸಿಕೊಳ್ಳಲಾಗದೆಂದು ಅದು ಹೇಳಿದಾಗ ಅವರು ಆ ಹುದ್ದೆಯನ್ನೇ ಬಿಟ್ಟುಕೊಟ್ಟರು. ಇದನ್ನು ಅವರ ಲೆಕ್ಕದಲ್ಲಿ ಜಮೆ ಹಿಡಿಯಲೇಬೇಕು.

1941ರಲ್ಲಿ ಬ್ಲೇಲಾಕರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ದವಾಖಾನೆಗೆ ಶಸ್ತ್ರವಿದ್ಯೆಯ ಮುಖ್ಯರಾಗಿ ಹೋದರು. ಥಾಮಸರೂ ಹೆಂಡತಿ ಕ್ಲಾರಾ ಮತ್ತು ಇಬ್ಬರು ಹೆಣ್ಣುಮಕ್ಕಳೊಡನೆ ಹೊರಟರು. ಅಲ್ಲಿ ಕರಿಯರಿಗೆ ಬಾಡಿಗೆ ಮನೆ ಸಿಕ್ಕುವದೇ ಕಷ್ಟ. ದವಾಖಾನೆಯಲ್ಲಿ ಶೌಚಗೃಹಗಳು ಸಹ ಬಣ್ಣಕ್ಕೊಂದು. ಕರಿಯ ಮನುಷ್ಯನೊಬ್ಬನು ಬಿಳಿಯ ಅಂಗಿ ತೊಟ್ಟು ಪಡಸಾಲೆಯಲ್ಲಿ ನಡೆದರೆ ಜನ ನಿಂತು ನೋಡುತ್ತಿದ್ದರು. ಆ ನೋಟದಿಂದ ತಪ್ಪಿಸಿಕೊಳ್ಳಲು ಥಾಮಸರು ಪ್ರಯೋಗಶಾಲೆಯ ಹೊರಗೆ ಹೋಗುವಾಗ ಅಂಗಿ ಬದಲಿಸಿಕೊಂಡು ಹೋಗುತ್ತಿದ್ದರು. ಪಗಾರ ಸಂಸಾರಕ್ಕೆ ಸಾಲದೆ, ಬ್ಲೇಲಾಕರ ಮನೆಯ ಔತಣಗಳಲ್ಲಿಯೇ ಪಾನೀಯ ಹಂಚುವ ಕೆಲಸವನ್ನೂ ಮಾಡಿದರು. ಮಧ್ಯಾಹ್ನ ತಾವು ಹೊಲಿಗೆ ಕಲಿಸಿದ ತರುಣ ವೈದ್ಯರಿಗೆ ಸಾಯಂಕಾಲ ಲೋಟ ಕೊಡುವ ಪ್ರಸಂಗ ಅವರಿಗೆ ಬರುತ್ತಿತ್ತು.

ಇನ್ನು ರೋಗದ ಸಂಗತಿ. ನಮ್ಮ ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೈಯೆಲ್ಲ ಸುತ್ತಿ ಬಂದ ಅಶುದ್ಧ ರಕ್ತವು ಬಲಗಡೆಗೆ ಸೇರಿ, ಅಲ್ಲಿಂದ ಪುಪ್ಪುಸಕ್ಕೆ ಹೋಗಿ, ಪ್ರಾಣವಾಯುವನ್ನು ಪಡೆದು ಕೆಂಪಾಗಿ ಎಡಗಡೆಗೆ ಬಂದು ತಿರುಗಿ ಮೈಗೆ ಹರಿಯುವದು. ಕೆಲವು ಕೂಸುಗಳಲ್ಲಿ ಹುಟ್ಟಿನಿಂದಲೇ ನಾಲ್ಕು ದೋಷಗಳು ಒಟ್ಟಿಗೆ ಇರುತ್ತವೆ: ಪುಪ್ಪುಸಕ್ಕೆ ಹೋಗುವ ದಾರಿ ಇಕ್ಕಟ್ಟು, ಕೆಳಗಿನ ಎರಡು ಕೋಣೆಗಳ ನಡುಗೋಡೆಯಲ್ಲಿ ತೂತು, ಮಹಾಧಮನಿ ಆ ತೂತಿನ ಮೇಲೆಯೇ ಕುಳಿತಿರುವದು, ಒತ್ತಿ ಒತ್ತಿ ಬಲಗೋಡೆ ದಪ್ಪವಾಗಿರುವದು. ಫ್ಯಾಲೋ ಎಂಬ ಫ್ರೆಂಚ ವೈದ್ಯರು 1888ರಲ್ಲಿ ಇದನ್ನು ಸವಿಸ್ತರವಾಗಿ ವರ್ಣಿಸಿದ್ದರಿಂದ ಅವರ ಹೆಸರಿನಿಂದಲೇ ಈ ರೋಗವನ್ನು ಕರೆಯುತ್ತಾರೆ. ಅಶುದ್ಧ ರಕ್ತ ಪುಪ್ಪುಸಕ್ಕೆ ಹೋಗದೆ ನೇರವಾಗಿ ಮೈಗೆ ಹರಿಯುವದರಿಂದ ಕೂಸು ನೀಲಿಯಾಗುವದು. ನಾಲ್ಕು ಹೆಜ್ಜೆ ಆಡಿದರೆ ಉಸಿರು ಕಟ್ಟಿ ಕುಕ್ಕರಗಾಲಿನಲ್ಲಿ ಕೂಡುವದು. ಇಂಥವರಲ್ಲಿ ಬಹುಮಂದಿ ಬಾಲ್ಯವನ್ನೇ ದಾಟುತ್ತಿರಲಿಲ್ಲ.

ಹಾಪ್ಕಿನ್ಸ್ ದವಾಖಾನೆಯಲ್ಲಿ ಇಂಥ ಮಕ್ಕಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಹೆಲೆನ್ ಟಾಸಿಗ್ ಎಂಬ ವೈದ್ಯೆ. ಇವರು 1898ರಲ್ಲಿ ಹುಟ್ಟಿದರು. ಹೆಂಗಸರಿಗೆ ವೈದ್ಯಪದವಿ ಕೊಡಲೊಲ್ಲದ ವಿದ್ಯಾಲಯವನ್ನು ಬಿಟ್ಟು ಬಾಲ್ಟಿಮೋರಿನಲ್ಲಿ ಓದಿದವರು. ತಾರುಣ್ಯದಲ್ಲಿಯೇ ಕಿವಿ ಮಂದವಾದ್ದರಿಂದ ಕೂಸಿನ ಎದೆಯ ಸದ್ದನ್ನು ಬೆರಳುಗಳಿಂದ ಮುಟ್ಟಿ ತಿಳಿಯುವದನ್ನು ಅಭ್ಯಾಸ ಮಾಡಿದವರು. ಅವರೊಂದು ಸಂಗತಿಯನ್ನು ಗಮನಿಸಿದರು. ಗರ್ಭದಲ್ಲಿರುವಾಗ ಮಹಾಧಮನಿಗೂ ಪುಪ್ಪುಸಧಮನಿಗೂ ನಡುವೆ ಒಂದು ಸಣ್ಣ ನಾಳವಿದ್ದು ಹುಟ್ಟಿದ ಮೇಲೆ ಅದು ಮುಚ್ಚಿಹೋಗುವದು. ಯಾವ ನೀಲಿ ಕೂಸಿನಲ್ಲಿ ಅದು ಮುಚ್ಚದೆ ಉಳಿದಿರುವದೋ ಆ ಕೂಸು ಹೆಚ್ಚು ದಿನ ಬಾಳುವದು. ಹಾಗಾದರೆ ಅಂಥ ನಾಳವೊಂದನ್ನು ಕೈಯಿಂದಲೇ ಕಟ್ಟಿಕೊಡಲಾಗದೇ? 1943ರಲ್ಲಿ ಅವರು ಈ ಪ್ರಶ್ನೆಯನ್ನು ಬ್ಲೇಲಾಕ ಮತ್ತು ಥಾಮಸರ ಮುಂದಿಟ್ಟರು. ಆಲಮಟ್ಟಿಯ ಕಾಲುವೆಗಳನ್ನು ಬಲ್ಲ ನಮ್ಮ ರೈತರಿಗೆ ಇದು ತಟ್ಟನೆ ತಿಳಿಯುವ ಮಾತು. ತೂಬು ಇಕ್ಕಟ್ಟಾಗಿ ಹೊಲ ಒಣಗುತ್ತಿದ್ದರೆ ತುಂಬಿ ಹರಿಯುವ ಇನ್ನೊಂದು ಕಾಲುವೆಯಿಂದ ಕವಲು ತಿರುವಿ ತರುವದಿಲ್ಲವೇ?

ಕವಲು ತಿರುವುವ ಹಂಚಿಕೆ ಥಾಮಸರ ಕೈಯಲ್ಲಿ ಆಗಲೇ ಇತ್ತು. ಕೆಲವು ವರುಷಗಳ ಹಿಂದೆ ನ್ಯಾಶ್‌ವಿಲ್ಲಿನಲ್ಲಿ ಬೇರೊಂದು ಉದ್ದೇಶಕ್ಕಾಗಿ ತೋಳಿಗೆ ಹೋಗುವ ಧಮನಿಯನ್ನು ಪುಪ್ಪುಸಧಮನಿಗೆ ಹೊಲಿದು ನೋಡಿದ್ದರು. ಅಂದಿನ ಉದ್ದೇಶ ಈಡೇರಲಿಲ್ಲ. ಹೊಲಿಗೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ಈಗ ಥಾಮಸರು ಮೊದಲು ನಾಯಿಗಳಲ್ಲಿ ನೀಲಿ ರೋಗದಂಥ ಸ್ಥಿತಿಯನ್ನು ಉಂಟುಮಾಡಿ, ಬಳಿಕ ಅದನ್ನು ಪರಿಹರಿಸುವ ಶಸ್ತ್ರಕ್ರಿಯೆಯನ್ನು ರೂಪಿಸಿದರು. ಎರಡು ವರುಷಗಳ ಈ ಕೆಲಸದಲ್ಲಿ ಸುಮಾರು 200 ನಾಯಿಗಳು ಬಳಕೆಯಾದವು. ಎಳೆಯ ನಾಳಕ್ಕೆ ತಕ್ಕ ಸೂಜಿ, ಚಿಮಟ, ಹಿಡಿಗಳು ಅಂಗಡಿಯಲ್ಲಿ ಇರಲಿಲ್ಲ; ಬಡಗಿಯ ಮಗನು ಇದ್ದ ಉಪಕರಣಗಳನ್ನೇ ತಿದ್ದಿ, ಕತ್ತರಿಸಿ, ಸಣ್ಣದು ಮಾಡಿಕೊಂಡನು. ಮೂಕಪ್ರಾಣಿಗಳ ಮೇಲೆ ನಡೆದ ಪ್ರಯೋಗವೆಂದು ನಮ್ಮ ವಾಚಕರಲ್ಲಿ ಹಲವರ ಮನಸ್ಸು ನೋಯುವದು ಸಹಜ; ನಮ್ಮ ಮನಸ್ಸೂ ನೋಯದೆ ಇಲ್ಲ. ಆ ಪ್ರಾಣಿಗಳಲ್ಲಿ ಬಹುದಿನ ಬದುಕಿ ಉಳಿದ ಆನಾ ಎಂಬ ನಾಯಿಯ ಚಿತ್ರವನ್ನು ಆ ದವಾಖಾನೆಯವರು ಗೋಡೆಗೆ ಹಾಕಿ ಗೌರವಿಸಿದರು. ಬದುಕಿದ ಒಂದೊಂದು ಕೂಸೂ ಆ ಮೂಕಜೀವಗಳ ಋಣದಲ್ಲಿದೆಯೆಂಬದನ್ನು ಮರೆಯದಿರುವದೇ ನಾವು ತೋರಬಹುದಾದ ಪ್ರಾಯಶ್ಚಿತ್ತ.

1944ರ ನವೆಂಬರ 29. ನಮ್ಮ ಜಿಲ್ಹೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1942ರ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ಅತ್ತ ಬಾಲ್ಟಿಮೋರಿನಲ್ಲಿ ಎರಡು ವರುಷ ತುಂಬದ, ನಾಲ್ಕು ಕಿಲೋ ತೂಕದ ಹೆಣ್ಣು ಕೂಸೊಂದನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸಲಾಯಿತು. ಸೂಜಿ ಹಿಡಿದವರು ಬ್ಲೇಲಾಕರು. ಆದರೆ ಈ ಶಸ್ತ್ರಕ್ರಿಯೆಯನ್ನು ಅವರು ತಾವಾಗಿ ನಾಯಿಯ ಮೇಲೆ ಮಾಡಿದ್ದು ಒಂದೇ ಸಲ. ಥಾಮಸರಾದರೋ ಹತ್ತಾರು ಸಲ. ಆದ್ದರಿಂದ ಥಾಮಸರು ತಮ್ಮ ಬೆನ್ನ ಹಿಂದೆಯೇ ನಿಲ್ಲಬೇಕೆಂದು ಬ್ಲೇಲಾಕರು ಹಟ ಹಿಡಿದರು. ಕರಿಯನೊಬ್ಬನು ಆ ಕೋಣೆಯಲ್ಲಿ ಮಣೆಯೇರಿ ನಿಂತು, ಬಿಳಿಯ ಮುಖ್ಯವೈದ್ಯನ ಬಲಭುಜದ ಮೇಲಿಂದ ಬಾಗಿ ನೋಡುತ್ತ, ಸೂಜಿ ಯಾವ ಕಡೆಯಿಂದ ಹೋಗಬೇಕು, ಹೊಲಿಗೆಯ ಸಂದು ಎಷ್ಟಿರಬೇಕೆಂದು ಮೆಲುದನಿಯಿಂದ ತಿದ್ದುತ್ತಿದ್ದನು. ಕೂಸು ಮೇಜಿನಿಂದ ಜೀವದಿಂದ ಇಳಿಯಿತು. ಎರಡು ತಿಂಗಳ ಮೇಲೆ ಮನೆಗೂ ಹೋಯಿತು. ಕೆಲವು ತಿಂಗಳಲ್ಲಿ ನೀಲಿ ಮರುಕಳಿಸಿ, ಮತ್ತೊಂದು ಶಸ್ತ್ರಕ್ರಿಯೆಯಾದ ಬಳಿಕ ಅದು ಉಳಿಯಲಿಲ್ಲ. ಸತ್ಯವನ್ನು ಮುಚ್ಚಿಡುವದರಿಂದ ವಿದ್ಯೆ ಬೆಳೆಯುವದಿಲ್ಲವಾದ್ದರಿಂದ ಇದನ್ನೂ ಬರೆದಿದ್ದೇವೆ. ಆದರೆ ದಾರಿ ತೆರೆದಿತ್ತು. 1945ರ ಫೆಬ್ರವರಿಯಲ್ಲಿ ಇನ್ನಿಬ್ಬರು ಮಕ್ಕಳಿಗೆ ಇದೇ ಶಸ್ತ್ರಕ್ರಿಯೆ ನಡೆಯಿತು. ಮೂರನೆಯವನು ಆರು ವರುಷದ ಹುಡುಗ. ಧಮನಿಯ ಚಿಮಟವನ್ನು ಸಡಿಲಿಸಿದ ಕೂಡಲೇ ಅವನ ಕಪ್ಪುಗಟ್ಟಿದ ತುಟಿ ಎಲ್ಲರ ಕಣ್ಣೆದುರಿಗೆ ಕೆಂಪಾಯಿತು.

1945ರ ಮೇ ತಿಂಗಳಲ್ಲಿ ಈ ಸಂಶೋಧನೆಯ ಲೇಖ ಅಮೇರಿಕದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ಲೇಲಾಕರ ಹೆಸರಿತ್ತು, ಟಾಸಿಗ್ಗರ ಹೆಸರಿತ್ತು. ಥಾಮಸರ ಹೆಸರು ಎಲ್ಲಿಯೂ ಇರಲಿಲ್ಲ. ದೇಶದೇಶಗಳಿಂದ ತಾಯಿತಂದೆಗಳು ನೀಲಿ ಕೂಸುಗಳನ್ನು ಎತ್ತಿಕೊಂಡು ಬಾಲ್ಟಿಮೋರಿಗೆ ಬಂದರು. ಒಂದೇ ವರುಷದಲ್ಲಿ 200ಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳಾದವು. ವೃತ್ತಪತ್ರಗಳು ಚಿತ್ರಗಳನ್ನು ಹಾಕಿದವು, ಸಭೆಗಳು ಮಾನಪತ್ರ ಕೊಟ್ಟವು. ಮಣೆಯ ಮೇಲೆ ನಿಂತವನು ಮಾತ್ರ ಯಾವ ಚಿತ್ರದಲ್ಲಿಯೂ ಕಾಣಲಿಲ್ಲ.

ಥಾಮಸರು ಇದಕ್ಕಾಗಿ ಬೀದಿಯಲ್ಲಿ ನಿಂತು ಗೋಳಾಡಲಿಲ್ಲ. ಹಾಗೆಂದು ತಮ್ಮ ಬೆಲೆಯನ್ನು ಮರೆತೂ ಇರಲಿಲ್ಲ. 1946ರ ಸುಮಾರಿಗೆ, ನ್ಯಾಶ್‌ವಿಲ್ಲಿಗೆ ಹಿಂದಿರುಗಿ ಮನೆ ಕಟ್ಟುವ ಕಸುಬು ಮಾಡಿದರೆ ಇದಕ್ಕಿಂತ ಹೆಚ್ಚು ಗಳಿಸಬಹುದೆಂದು ಅವರು ಸ್ಪಷ್ಟವಾಗಿ ತಿಳಿಸಲು, ಬ್ಲೇಲಾಕರು ಓಡಾಡಿ ಅವರ ಪಗಾರವನ್ನು ಬಹುವಾಗಿ ಏರಿಸಿದರು. ಮರುವರುಷ ಹಳೆಯ ಬಯಕೆ ಇನ್ನೊಮ್ಮೆ ತಲೆಯೆತ್ತಿತು. ಕಾಲೇಜು ಸೇರಬೇಕೆಂದು ಅರ್ಜಿ ಹಾಕಿದರು. ಆದರೆ ಪ್ರಯೋಗಶಾಲೆಯಲ್ಲಿ ಸವೆದ ವರುಷಗಳಿಗೆ ಕಾಲೇಜಿನವರು ಕವಡೆಯ ಬೆಲೆಯನ್ನೂ ಕಟ್ಟಲಿಲ್ಲ. ಮೊದಲ ತರಗತಿಯಿಂದಲೇ ಆರಂಭಿಸಬೇಕೆಂದರು. ಲೆಕ್ಕ ಹಾಕಿ ನೋಡಿದರೆ ವೈದ್ಯಪದವಿ ಕೈಗೆ ಬರುವಾಗ ವಯಸ್ಸು ಐವತ್ತಾಗುತ್ತಿತ್ತು. ಆ ಆಸೆಯನ್ನು ಅಲ್ಲಿಗೇ ಬಿಟ್ಟರು. ಅದಕ್ಕೆ ಮೊದಲೇ, 1946ರಲ್ಲಿ, ಧಮನಿಗಳು ಅದಲುಬದಲಾಗಿ ಹುಟ್ಟುವ ಕೂಸುಗಳಿಗಾಗಿ ಹೃದಯದ ಮೇಲಿನ ಕೋಣೆಗಳ ನಡುಗೋಡೆಯಲ್ಲಿ ದಾರಿ ಮಾಡುವ ಇನ್ನೊಂದು ಕಠಿಣ ಶಸ್ತ್ರಕ್ರಿಯೆಯನ್ನೂ ಅವರು ರೂಪಿಸಿದ್ದರು.

ಪದವಿ ದೊರೆಯದವನು ಪದವೀಧರರ ಗುರುವಾದದ್ದು ಈ ಕಥೆಯ ಉತ್ತರಾರ್ಧ. ಹಾಪ್ಕಿನ್ಸಿನ ಶಸ್ತ್ರಪ್ರಯೋಗಶಾಲೆಗಳನ್ನು ದಶಕಗಳ ಕಾಲ ನಡೆಸಿದ ಥಾಮಸರ ಕೈಕೆಳಗೆ ತರುಣ ವೈದ್ಯರ ತಲೆಮಾರುಗಳೇ ಸೂಜಿ ಹಿಡಿಯುವದನ್ನು ಕಲಿತವು. ಮುಂದೆ ಹೃದಯದ ಶಸ್ತ್ರವಿದ್ಯೆಯಲ್ಲಿ ಜಗತ್ಪ್ರಸಿದ್ಧರಾದ ಡೆಂಟನ್ ಕೂಲಿಯವರು ಅವರಲ್ಲೊಬ್ಬರು. ಕರಿಯ ತರುಣರನ್ನು ಆರಿಸಿ ಪ್ರಯೋಗಶಾಲೆಯ ಸಹಾಯಕರನ್ನಾಗಿ ಸಿದ್ಧಪಡಿಸುವದನ್ನು ಅವರು ತಮ್ಮ ಹೊಣೆಯೆಂದೇ ಎಣಿಸಿದರು. ಅಲ್ಲಿನ ಮೊದಲ ಕರಿಯ ಹೃದಯಶಸ್ತ್ರವೈದ್ಯರಾದ ಲೀವೈ ವಾಟ್ಕಿನ್ಸರಿಗೆ ಹಿರಿಯಣ್ಣನಂತೆ ಬೆಂಬಲವಾದರು. ಎದೆಯೊಳಗಿದ್ದು ಹೃದಯದ ಬಡಿತ ತಪ್ಪಿದಾಗ ತಾನಾಗಿ ಸರಿಪಡಿಸುವ ಯಂತ್ರವನ್ನು 1980ರಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದವರು ಈ ವಾಟ್ಕಿನ್ಸರೇ.

ಬ್ಲೇಲಾಕರು 1964ರಲ್ಲಿ ತೀರಿಕೊಂಡರು. ಮೂವತ್ತನಾಲ್ಕು ವರುಷ ಒಂದೇ ನೊಗಕ್ಕೆ ಹೆಗಲು ಕೊಟ್ಟ ಜೋಡಿ ಅದು. ಬದುಕಿದ್ದಾಗ ಅವರು ಸಂಗಡಿಗನ ಪಾಲನ್ನು ಜಗತ್ತಿನ ಮುಂದೆ ಬಾಯಿ ತುಂಬ ಹೇಳಲಿಲ್ಲ. ಆ ಬಾಕಿಯನ್ನು ತೀರಿಸಲು ಮುಂದಾದವರು ಥಾಮಸರಿಂದ ಕಲಿತ ಶಿಷ್ಯರು. 1971ರಲ್ಲಿ ಅವರೆಲ್ಲ ಕೂಡಿ ಗುರುವಿನ ಭಾವಚಿತ್ರವನ್ನು ಬರೆಯಿಸಿ ಆ ವಿದ್ಯಾಲಯಕ್ಕೆ ಒಪ್ಪಿಸಿದರು. ಬ್ಲೇಲಾಕರ ಚಿತ್ರದ ಜೊತೆಗೇ ಅದು ಗೋಡೆಯನ್ನೇರಿತು. 1976ರಲ್ಲಿ ಹಾಪ್ಕಿನ್ಸ್ ವಿಶ್ವವಿದ್ಯಾಲಯವು ಗೌರವ ಡಾಕ್ಟರ ಪದವಿಯನ್ನು ಕೊಟ್ಟಿತು. ಅಲ್ಲಿಯೂ ಒಂದು ತೊಡಕು: ನಿಯಮಗಳ ದೆಸೆಯಿಂದ ಅದು ವೈದ್ಯಶಾಸ್ತ್ರದ್ದಾಗದೆ ಕಾಯದೆಶಾಸ್ತ್ರದ ಪದವಿಯಾಯಿತು! ಆದರೂ ಅಂದಿನಿಂದ ವಿದ್ಯಾರ್ಥಿಗಳು ಅವರನ್ನು ಡಾಕ್ಟರರೆಂದು ಕರೆಯಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅಧ್ಯಾಪಕ ವರ್ಗದಲ್ಲಿಯೂ ಅವರಿಗೆ ಸ್ಥಾನ ದೊರೆಯಿತು. 1979ರಲ್ಲಿ ನಿವೃತ್ತರಾಗಿ ಆತ್ಮಚರಿತ್ರೆಯನ್ನು ಬರೆದರು. 1985ರ ನವೆಂಬರ 26ರಂದು ಅವರು ಕಾಲವಾದರು. ಗ್ರಂಥವು ಅಚ್ಚಾಗಿ ಹೊರಬಂದದ್ದು ಅದಾದ ಕೆಲವೇ ದಿನಗಳಲ್ಲಿ. ಟಾಸಿಗ್ಗರು ಮರುವರುಷ ವಾಹನದ ಅಪಘಾತದಲ್ಲಿ ತೀರಿಕೊಂಡರು. ಬ್ಲೇಲಾಕ ಮತ್ತು ಟಾಸಿಗ್ಗರ ಹೆಸರಿನಿಂದ ಪ್ರಸಿದ್ಧವಾದ ಆ ಶಸ್ತ್ರಕ್ರಿಯೆಯನ್ನು ಈಚಿನ ವರುಷಗಳಲ್ಲಿ ವೈದ್ಯರು ಥಾಮಸರ ಹೆಸರನ್ನೂ ನಡುವೆ ಸೇರಿಸಿ ಕರೆಯತೊಡಗಿದ್ದಾರೆ. ಮಣೆಯ ಮೇಲೆ ನಿಂತವನು ಸಾಲಿನಲ್ಲಿ ಬಂದು ನಿಲ್ಲಲು ಸುಮಾರು ಎಂಟು ದಶಕಗಳು ಹಿಡಿದವು.

ಈ ವೃತ್ತಾಂತವನ್ನು ಓದಿ ಅಮೇರಿಕದವರ ವರ್ಣದ್ವೇಷಕ್ಕೆ ಛೀ ಎಂದು ಉಗುಳಿ ಕೈ ತೊಳೆದುಕೊಳ್ಳುವದು ಸುಲಭ. ಬಸವಣ್ಣನವರು ಹುಟ್ಟಿದ ಸೀಮೆಯಲ್ಲಿ ಜಾತಿಯ ಕಾರಣದಿಂದ ಬೇರೆ ಲೋಟ, ಬೇರೆ ಕಟ್ಟೆ ಎಂಬ ನಡತೆ ಇನ್ನೂ ಎಲ್ಲಿಯೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಶರಣರೆಂದು ಪೂಜಿಸುವ ನಾವು, ಅವರ ಕೇರಿಯಲ್ಲಿ ಹುಟ್ಟಿದ ಜಾಣ ಹುಡುಗನ ಕೈಯಲ್ಲಿ ಏನು ಕೊಡುತ್ತಿದ್ದೇವೆಂದು ವಿಚಾರಿಸಬೇಕು. ನಮ್ಮ ದವಾಖಾನೆಗಳಲ್ಲಿ ಹೆರಿಗೆ ನೋಡುವ ದಾದಿ, ರಕ್ತ ಪರೀಕ್ಷಿಸುವ ಸಹಾಯಕ, ಯಂತ್ರ ನಡೆಸುವವ, ಇವರೆಲ್ಲರ ಕೈಗುಣದಿಂದಲೇ ವೈದ್ಯನ ಕೀರ್ತಿ ನಿಂತಿರುತ್ತದೆ. ಅವರ ಹೆಸರನ್ನು ನಾವೆಂದಾದರೂ ಕೇಳಿದ್ದೇವೆಯೇ?

ಈಗ ನಮ್ಮ ಕೂಸುಗಳ ಮಾತಿಗೆ ಬರೋಣ. ಜೀವಂತವಾಗಿ ಹುಟ್ಟುವ ಸಾವಿರ ಕೂಸುಗಳಲ್ಲಿ ಸುಮಾರು ಎಂಟು ಒಂಬತ್ತು ಕೂಸುಗಳಿಗೆ ಹೃದಯದಲ್ಲಿ ಏನಾದರೊಂದು ದೋಷವಿರುವದೆಂದು ತಜ್ಞರ ಅಂದಾಜು. ಇಡಿಯ ಭಾರತದಲ್ಲಿ ಇಂಥ ಕೂಸುಗಳು ವರುಷಕ್ಕೆ ಎರಡು ಲಕ್ಷಕ್ಕೂ ಮೇಲೆ. ಅವುಗಳಲ್ಲಿ ಐದರಲ್ಲೊಂದಕ್ಕೆ ಮೊದಲ ವರುಷದಲ್ಲಿಯೇ ಚಿಕಿತ್ಸೆ ಬೇಕಾಗುವದು. ಈ ಲೆಕ್ಕ ನಮ್ಮ ನಾಲ್ಕು ತಾಲೂಕುಗಳನ್ನೂ, ಅವುಗಳಿಂದ ಒಡೆದು ಹೊಸದಾಗಿ ಆದ ಚಡಚಣ, ತಾಳಿಕೋಟೆ, ದೇವರ ಹಿಪ್ಪರಗಿ, ಕೊಲ್ಹಾರ, ನಿಡಗುಂದಿ ಮುಂತಾದವುಗಳನ್ನೂ ಬಿಟ್ಟಿಲ್ಲ. ವಿದ್ಯೆಯೂ ಥಾಮಸರ ಕಾಲಕ್ಕೆ ನಿಂತಿಲ್ಲ. 1954ರಿಂದ ಹೃದಯವನ್ನೇ ತೆರೆದು ಆ ತೂತನ್ನು ಮುಚ್ಚಿ ಇಕ್ಕಟ್ಟನ್ನು ಬಿಡಿಸುವ ಪೂರ್ಣ ಶಸ್ತ್ರಕ್ರಿಯೆ ಸಾಧ್ಯವಾಯಿತು. ತೀರ ಎಳೆಯ ಕೂಸುಗಳಿಗೆ ಮಾತ್ರ ಥಾಮಸರು ತೋರಿಸಿದ ಕವಲುದಾರಿಯನ್ನೇ ಸಣ್ಣ ಕೃತಕ ನಾಳದಿಂದ ಇಂದಿಗೂ ಮಾಡುತ್ತಾರೆ.

ನಮ್ಮ ರಾಜ್ಯವೂ ಕೈಕಟ್ಟಿ ಕುಳಿತಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯುಂಟು, ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯುಂಟು, ಅಲ್ಲಿ ಹಣದ ಪ್ರಶ್ನೆಯೇ ಇಲ್ಲ, ನಾರಾಯಣ ಹೃದಯಾಲಯವುಂಟು. ಜಯದೇವದ ಕಲಬುರಗಿ ಶಾಖೆ 2016ರಲ್ಲಿ ಆರಂಭವಾಗಿ 2024ರ ಡಿಸೆಂಬರಿನಲ್ಲಿ ದೊಡ್ಡ ಕಟ್ಟಡಕ್ಕೆ ಹೋಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಅಂಗನವಾಡಿಗೆ ವರುಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಹೃದಯದೋಷ ಕಂಡರೆ ದೊಡ್ಡ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆ ಮಾಡಿಸಬೇಕು. 2018ರಿಂದ ಆಯುಷ್ಮಾನ್ ಭಾರತ ಮತ್ತು ಆರೋಗ್ಯ ಕರ್ನಾಟಕ ಯೋಜನೆಗಳು ಒಂದಾಗಿವೆ.

ಹೀಗಿದ್ದೂ ಕೂಸು ಕೈಬಿಡುವದೇಕೆ? ಮೊದಲನೆಯದು ದೂರ. ವಿಜಯಪುರದಿಂದ ಬೆಂಗಳೂರು ಐದುನೂರು ಕಿಲೋಮೀಟರಿಗೂ ಮೇಲೆ. ಸಿಂದಗಿಯ ತಾಂಡಾದಿಂದಾಗಲಿ ಮುದ್ದೇಬಿಹಾಳದ ಹಳ್ಳಿಯಿಂದಾಗಲಿ ಹೊರಡುವ ಬಡವನಿಗೆ ಅದು ಬರಿಯ ದೂರವಲ್ಲ, ಹದಿನೈದು ದಿನದ ಕೂಲಿ. ಚಿಕಿತ್ಸೆ ಉಚಿತವಾದರೂ ಗಂಡಹೆಂಡರ ಊಟ, ವಸತಿ, ಹಿಂದೆ ಉಳಿದ ಮಕ್ಕಳ ಯೋಗಕ್ಷೇಮ ಉಚಿತವಲ್ಲ. ಹೃದ್ರೋಗದ ಆಸ್ಪತ್ರೆ ಸಮೀಪಕ್ಕೆ ಬಂದಿರುವದು ಸಂತೋಷವೇ. ಆದರೆ ದೊಡ್ಡವರ ಹೃದಯ ನೋಡುವದು ಬೇರೆ, ನಾಲ್ಕು ಕಿಲೋ ಕೂಸಿನ ಹೃದಯವನ್ನು ತೆರೆದು ಮುಚ್ಚುವ ತಂಡವನ್ನು ಕಟ್ಟುವದು ಬೇರೆ. ಎರಡನೆಯದು ಗುಳೆ. ಸುಗ್ಗಿಯ ಕಾಲಕ್ಕೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ, ಕೂಲಿಗಾಗಿ ಗೋವೆಗೂ ಹೋಗುವ ಸಂಸಾರಗಳು ನಮ್ಮಲ್ಲಿ ಬಹಳ. ತಂಡವು ಅಂಗನವಾಡಿಗೆ ಬಂದ ದಿನ ಆ ಕೂಸು ಕಬ್ಬಿನ ಗದ್ದೆಯ ಬದುವಿನಲ್ಲಿದ್ದರೆ ಅದರ ಎದೆಗೆ ಕಿವಿಗೊಡುವವರಾರು? ಮೂರನೆಯದು ನಾವು ಆರಂಭದಲ್ಲಿ ಹೇಳಿದ ಮೌಢ್ಯ.

ಆದ್ದರಿಂದ ನಾವು ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕೊರೋನಾ ಕಾಲದಲ್ಲಿ ಮನೆಮನೆಗೆ ಪರಿಚಿತವಾದ, ಬೆರಳಿಗೆ ಸಿಕ್ಕಿಸಿ ರಕ್ತದ ಪ್ರಾಣವಾಯುವನ್ನು ಅಳೆಯುವ ಸಣ್ಣ ಯಂತ್ರದ ಜಾತಿಯದೇ ಕೂಸುಗಳಿಗೆ ತಕ್ಕುದಾದ ಯಂತ್ರವುಂಟು. ಹುಟ್ಟಿದ ಒಂದು ದಿನದ ಮೇಲೆ ಕೂಸಿನ ಕೈಗೂ ಕಾಲಿಗೂ ಅದನ್ನು ಹಚ್ಚಿ ನೋಡಿದರೆ ಘೋರವಾದ ಹೃದಯದೋಷಗಳಲ್ಲಿ ಹಲವನ್ನು ಮನೆಗೆ ಕಳಿಸುವ ಮೊದಲೇ ಸಂಶಯಿಸಬಹುದು. ಹೆರಿಗೆಯಾಗುವ ಪ್ರತಿಯೊಂದು ದವಾಖಾನೆಯಲ್ಲಿ ಈ ಪರೀಕ್ಷೆ ತಪ್ಪದೆ ನಡೆಯಬೇಕು. ಮಕ್ಕಳ ಹೃದಯತಜ್ಞರು ಗೊತ್ತಾದ ದಿನದಂದು ಜಿಲ್ಹೆಯ ಮುಖ್ಯಸ್ಥಳಕ್ಕೆ ಬಂದು ಕೂಸುಗಳನ್ನು ನೋಡುವ ಏರ್ಪಾಡು ಆಗಬೇಕು. ಗುಳೆ ಹೋಗುವ ಸಂಸಾರಗಳ ಮಕ್ಕಳನ್ನು ಹೊರಡುವ ಮೊದಲೇ ಪರೀಕ್ಷಿಸಬೇಕು. ದೂರದ ಆಸ್ಪತ್ರೆಗೆ ಹೋಗುವ ತಾಯಿತಂದೆಗಳ ಪ್ರವಾಸದ ವೆಚ್ಚವನ್ನು ಸರಕಾರ ಪೂರ್ತಿಯಾಗಿ ಕೊಡದಿದ್ದರೆ ನಮ್ಮ ಮಠಗಳೂ, ಸಹಕಾರಿ ಸಂಘಗಳೂ, ಗಂಜಿನ ವ್ಯಾಪಾರಸ್ಥರೂ ಆ ಭಾರಕ್ಕೆ ಹೆಗಲು ಕೊಡಬೇಕು. ಜಾತ್ರೆಗೆ ವರ್ಗಣಿ ಕೂಡಿಸಬಲ್ಲ ಊರು ಒಂದು ಕೂಸಿಗಾಗಿ ಕೂಡಿಸಲಾರದೇ?

ಮನೆಯವರು ಮಾಡಬೇಕಾದದ್ದೂ ಉಂಟು. ಹಾಲು ಕುಡಿಯುವಾಗ ಕೂಸು ಬೆವರಿ ದಣಿದರೆ, ತೂಕ ಏರದಿದ್ದರೆ, ಮೇಲಿಂದ ಮೇಲೆ ಎದೆಯ ಕಫ ಕಟ್ಟಿ ಜ್ವರ ಬಂದರೆ, ಅತ್ತಾಗ ತುಟಿ ನೀಲಿಯಾದರೆ, ಆಡುವ ಹುಡುಗ ಕುಕ್ಕರಗಾಲಿನಲ್ಲಿ ಕುಳಿತು ಏದುಸಿರು ಬಿಟ್ಟರೆ ತಾಯತವನ್ನು ಹುಡುಕದೆ ವೈದ್ಯರನ್ನು ಹುಡುಕಬೇಕು. ತೀರ ಹತ್ತಿರದ ರಕ್ತಸಂಬಂಧದಲ್ಲಿ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ರೂಢಿಯಿಂದ ಇಂಥ ದೋಷಗಳ ಸಂಭವ ಹೆಚ್ಚುವದೆಂದು ತಜ್ಞರು ಹೇಳುತ್ತಾರೆ. ಹಿರಿಯರು ಇದನ್ನು ವಿಚಾರಿಸಬೇಕು. ಬಸುರಿಯರಿಗೆ ರುಬೆಲ್ಲಾ ಎಂಬ ದಡಾರದಂಥ ಜ್ವರ ಬಂದರೆ ಗರ್ಭದ ಕೂಸಿನ ಹೃದಯ ಕೆಡಬಹುದು. ಅದನ್ನು ತಡೆಯುವ ಲಸಿಕೆಯ ದೊಡ್ಡ ಅಭಿಯಾನ ನಮ್ಮ ರಾಜ್ಯದಲ್ಲಿ 2017ರಲ್ಲಿ ನಡೆಯಿತು. ಆ ಲಸಿಕೆಯನ್ನು ಯಾವ ಮಗುವಿಗೂ ತಪ್ಪಿಸಬಾರದು. ಗ್ರಹಣದಿಂದ ಕೂಸಿನ ಹೃದಯ ಕೆಡುವದಿಲ್ಲ. ಹಡೆದ ತಾಯಿಯ ಮೇಲೆ ತಪ್ಪು ಹೊರಿಸುವ ನಾಲಿಗೆಗಳು ಇನ್ನಾದರೂ ಸುಮ್ಮನಾಗಲಿ.

ಥಾಮಸರಿಗೆ ಪದವಿ ಇರಲಿಲ್ಲ, ಹಣ ಇರಲಿಲ್ಲ, ಅವರ ನೆರಳನ್ನು ಸಹ ಬೇರೆ ಇಟ್ಟ ಸಮಾಜ ಸುತ್ತಲೂ ಇತ್ತು. ಆದರೂ ಅವರ ಕೈಯಿಂದ ಹುಟ್ಟಿದ ಹೊಲಿಗೆ ದೇಶ ಬಣ್ಣ ನೋಡದೆ ಲೋಕದ ಕೂಸುಗಳ ಎದೆಯಲ್ಲಿ ಉಳಿದಿದೆ. ನಮಗೆ ಇಂದು ಪದವೀಧರರು ಇದ್ದಾರೆ, ಆಸ್ಪತ್ರೆಗಳಿವೆ, ಯೋಜನೆಗಳಿವೆ, ಸ್ವಂತದ ಸರಕಾರವಿದೆ. ಇಷ್ಟೆಲ್ಲ ಇದ್ದು, ಇಂಡಿಯ ಒಂದು ಹಳ್ಳಿಯಲ್ಲಿ ಇಂದು ರಾತ್ರಿ ನೀಲಿ ತುಟಿಯ ಕೂಸೊಂದು ಹುಟ್ಟಿದರೆ ಅದರ ತಾಯಿಗೆ ನಾಳೆ ಬೆಳಗಿನಲ್ಲಿ ದಾರಿ ತೋರಿಸುವವರು ಯಾರೆಂಬ ಪ್ರಶ್ನೆಗೆ ನಮ್ಮ ಜಿಲ್ಹೆ ಉತ್ತರ ಕೊಡಬೇಕು. ಆ ಉತ್ತರವನ್ನು ಹುಡುಕುವ ಕಾಯಕಕ್ಕೆ ವಾಚಕರೆಲ್ಲರೂ ಕೈಜೋಡಿಸುವರೆಂದು ನಾವು ನಂಬಿದ್ದೇವೆ.